ಅಧ್ಯಾಪಕರ ಹೊರೆಯೂ ಅಧ್ಯಾಪಕರ ಮತವೂ

ಯಾವ ಸಂಸ್ಥೆಯಲ್ಲಿಯೇ ಆಗಲಿ, ಭಾರವನ್ನು ಹೊರುವವರು ಯಾರೋ ಅವರಿಗೆ ಆ ಭಾರ ಎಷ್ಟಿರಬೇಕೆಂದು ನಿಶ್ಚಯಿಸುವ ಸಭೆಯಲ್ಲಿ ಒಂದು ಮಾತಾದರೂ ಇರಬೇಕೆಂಬುದು ಪ್ರಜಾಧರ್ಮದ ಮೊದಲ ಪಾಠ. ಈ ಪಾಠವನ್ನು ನಮ್ಮ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರು ವರುಷ ವರುಷವೂ ತಪ್ಪದೆ ಬೋಧಿಸುತ್ತಾರೆ. ಆದರೆ ಬೋಧಿಸುವ ಅವರಿಗೇ ಅದರ ಫಲವು ದೊರೆತಿದೆಯೆ ಎಂದು ವಿಚಾರಿಸಿದರೆ ಉತ್ತರವು ಸಂತೋಷಕರವಾಗಿಲ್ಲ. ಅಧ್ಯಾಪಕನು ವಾರಕ್ಕೆ ಎಷ್ಟು ಗಂಟೆ ಪಾಠ ಹೇಳತಕ್ಕದ್ದೆಂಬುದನ್ನು ಗಡಿಯಾರ ಹಿಡಿದು ಲೆಕ್ಕ ಹಾಕುವವರು ಬೇರೆ ಇದ್ದಾರೆ. ಆ ಲೆಕ್ಕ ಸರಿಯೋ ತಪ್ಪೋ ಎಂದು ಕೈಯೆತ್ತಿ ಹೇಳುವ ಅಧಿಕಾರ ಮಾತ್ರ ಅವನಿಗೆ ದಿನೇ ದಿನೇ ಕಡಿಮೆಯಾಗುತ್ತ ಬಂದಿದೆ. ವಿದ್ಯಾಭ್ಯಾಸದ ಹಿತವನ್ನು ಬಯಸುವ ಮಹಾಜನರೂ ಅಧಿಕಾರದಲ್ಲಿರುವ ಮಹನೀಯರೂ ಈ ವಿಷಯವನ್ನು ಸಾವಧಾನವಾಗಿ ಯೋಚಿಸಬೇಕೆಂಬುದು ನಮ್ಮ ವಿಜ್ಞಾಪನೆ.

ಮೊದಲು ಹೊರೆಯ ವಿಚಾರ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ನೆಯ ಇಸವಿಯಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ ಪೂರ್ಣಾವಧಿಯ ಅಧ್ಯಾಪಕನು ವಾರಕ್ಕೆ 40 ಗಂಟೆಗಳಿಗೆ ಕಡಿಮೆಯಿಲ್ಲದೆ, ವರುಷಕ್ಕೆ 30 ವಾರ, ಎಂದರೆ 180 ಬೋಧನಾದಿನಗಳು, ದುಡಿಯತಕ್ಕದ್ದು. ದಿನಕ್ಕೆ 5 ಗಂಟೆಗಳಾದರೂ ಕಾಲೇಜಿನಲ್ಲಿ ದೊರೆಯುವಂತಿರಬೇಕು. ಈ 40 ಗಂಟೆಗಳಲ್ಲಿ ಪ್ರತ್ಯಕ್ಷವಾಗಿ ಪಾಠ ಹೇಳುವ ಕಾಲವು ಸಹಾಯಕ ಪ್ರಾಧ್ಯಾಪಕನಿಗೆ 16 ಗಂಟೆ, ಸಹ ಪ್ರಾಧ್ಯಾಪಕನಿಗೂ ಪ್ರಾಧ್ಯಾಪಕನಿಗೂ 14 ಗಂಟೆ. ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಡತ ನೋಡುವ ನಮ್ಮ ಕೆಲವು ಮಿತ್ರರು ಈ ಅಂಕಿಯನ್ನು ಕೇಳಿದೊಡನೆ, "ವಾರಕ್ಕೆ ಬರೀ 16 ಗಂಟೆಯೆ? ಇದೂ ಒಂದು ಹೊರೆಯೆ?" ಎಂದು ನಗುವುದುಂಟು. ಆ ನಗೆಗೆ ಕಾರಣವಿಲ್ಲ. ತರಗತಿಯಲ್ಲಿ ಕಾಣುವ ಒಂದು ಗಂಟೆಯ ಹಿಂದೆ ಮನೆಯ ದೀಪದ ಕೆಳಗೆ ಕಳೆದ ಗಂಟೆಗಳು ಎಷ್ಟೋ ಇರುತ್ತವೆ. ಪಾಠದ ಸಿದ್ಧತೆ, ವಿದ್ಯಾರ್ಥಿಗಳ ಬರಹವನ್ನು ತಿದ್ದುವುದು, ಪ್ರಶ್ನಪತ್ರಿಕೆಗಳ ರಚನೆ, ಉತ್ತರಪತ್ರಿಕೆಗಳ ಪರಿಶೀಲನೆ, ಸಂಶೋಧನೆ, ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ, ಇವೆಲ್ಲವೂ ಉಳಿದ 24 ಗಂಟೆಗಳಲ್ಲಿ ಅಡಗಬೇಕು. ಇವುಗಳ ಮೇಲೆ ಪ್ರವೇಶಾತಿಯ ಕೆಲಸ, ವಿದ್ಯಾರ್ಥಿವೇತನದ ಪಟ್ಟಿ, ಸಮಿತಿಗಳ ವರದಿ, 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಸಿರುವ ಮಾನ್ಯತಾ ಮಂಡಲಿಗೆ ಒಪ್ಪಿಸಬೇಕಾದ ಕಾಗದಪತ್ರಗಳ ಮೂಟೆ, ಇವು ಬೇರೆ. ಗಂಟೆಯ ಲೆಕ್ಕದಲ್ಲಿ ತರಗತಿಗೆ ಸ್ಥಾನವುಂಟು. ತರಗತಿಯನ್ನು ಸಾರ್ಥಕಗೊಳಿಸುವ ಅಧ್ಯಯನಕ್ಕೆ ಸ್ಥಾನ ಸಾಲದು. ಓದುವುದಕ್ಕೆ ಬಿಡುವಿಲ್ಲದ ಅಧ್ಯಾಪಕನು ಕಳೆದ ವರುಷದ ಟಿಪ್ಪಣಿಯನ್ನೇ ಈ ವರುಷವೂ ಒಪ್ಪಿಸುವನು. ಅದರ ನಷ್ಟ ಅವನಿಗಲ್ಲ, ನಮ್ಮ ಮಕ್ಕಳಿಗೆ.

ಹೊರೆಯ ಪ್ರಶ್ನೆಯಲ್ಲಿ ಇನ್ನೊಂದು ಗುಟ್ಟು ಇದೆ. ವಾರದ ಗಂಟೆಗಳನ್ನು ಹೆಚ್ಚಿಸುವುದೆಂದರೆ ಅಧ್ಯಾಪಕರ ಸಂಖ್ಯೆಯನ್ನು ಕಡಿಮೆ ಮಾಡುವುದೆಂದೇ ಅರ್ಥ. 2016ನೆಯ ಇಸವಿಯ ಮೇ ತಿಂಗಳಲ್ಲಿ ಆಯೋಗವು ನಿಯಮಗಳನ್ನು ತಿದ್ದಿ ಬೋಧನೆಯ ಗಂಟೆಗಳನ್ನು ಏರಿಸಿತು. ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರು ಇದರಿಂದ ಸಾವಿರಾರು ಹಂಗಾಮಿ ಅಧ್ಯಾಪಕರ ಅನ್ನಕ್ಕೆ ಸಂಚಕಾರ ಬರುವುದೆಂದು ಕಂಡು ಬೀದಿಗಿಳಿದರು. ಉತ್ತರಪತ್ರಿಕೆಗಳ ಮೌಲ್ಯಮಾಪನವನ್ನು ಬಹಿಷ್ಕರಿಸಿದರು. ಕೆಲವೇ ವಾರಗಳಲ್ಲಿ ಏರಿಸಿದ ಗಂಟೆಗಳನ್ನು ಇಳಿಸಬೇಕಾಯಿತು. ಅಧ್ಯಾಪಕರು ಗೆದ್ದರೆಂದು ಅಂದು ಹಲವರು ಹಿಗ್ಗಿದರು. ನಮಗಾದರೋ ಅದರಲ್ಲಿ ಹಿಗ್ಗಿಗಿಂತ ಖೇದವೇ ಹೆಚ್ಚು. ಆಜ್ಞೆಯನ್ನು ಹೊರಡಿಸುವ ಮುನ್ನ ಅಧ್ಯಾಪಕರ ಮತವನ್ನು ಕೇಳುವ ಏರ್ಪಾಡಿದ್ದರೆ ಬೀದಿಗಿಳಿಯುವ ಪ್ರಮೇಯವೆಲ್ಲಿತ್ತು? ಸಭೆಯಲ್ಲಿ ಬಾಯಿಲ್ಲದವರಿಗೆ ಬೀದಿಯೇ ಸಭೆಯಾಗುತ್ತದೆ. ಅದರ ತೊಂದರೆ ಮಾತ್ರ ಫಲಿತಾಂಶವನ್ನು ಕಾಯುವ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ.

ದೆಹಲಿಯ ಮಾತು ಅಲ್ಲಿರಲಿ. ನಮ್ಮ ನಾಡಿನ ಸರಕಾರಿ ಪ್ರಥಮದರ್ಜೆ ಕಾಲೇಜುಗಳನ್ನು ನೋಡೋಣ. ಇಲ್ಲಿ ಪಾಠದ ಭಾರದಲ್ಲಿ ದೊಡ್ಡ ಪಾಲನ್ನು ಹೊತ್ತಿರುವವರು "ಅತಿಥಿ ಉಪನ್ಯಾಸಕರು." ತಿಥಿಯನ್ನು ಗೊತ್ತುಮಾಡದೆ ಬಂದು, ಉಂಡು, ಹೊರಟುಹೋಗುವವನು ಅತಿಥಿಯೆಂದು ನಮ್ಮ ಹಿರಿಯರ ವಿವರಣೆ. ಹತ್ತು ಹದಿನೈದು ವರುಷ ಒಂದೇ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳಿ ತಲೆ ನರೆತವರನ್ನೂ ಅತಿಥಿಯೆಂದು ಕರೆಯುವುದು ಭಾಷೆಗೆ ಮಾಡಿದ ಅಪಚಾರ, ಮನುಷ್ಯರಿಗೆ ಮಾಡಿದ ಅಪಚಾರ ಇನ್ನೂ ದೊಡ್ಡದು. ಅತಿಥಿಯನ್ನು ದೇವರೆಂದು ಕಾಣಬೇಕೆಂದು ಹೇಳಿಕೊಳ್ಳುವ ದೇಶದಲ್ಲಿ ಈ ಅತಿಥಿಗಳು ಪ್ರತಿ ಅವಧಿಯ ಕೊನೆಗೂ "ಮುಂದಿನ ಸಲ ಕರೆಯುವರೋ ಇಲ್ಲವೋ" ಎಂದು ಬಾಗಿಲು ಕಾಯುವವರು.

2022ನೆಯ ಇಸವಿಯ ಜನವರಿಯಲ್ಲಿ ರಾಜ್ಯ ಸರಕಾರದವರು ಇವರ ಗೌರವಧನವನ್ನು ಹೆಚ್ಚಿಸಿದರು. ಅದುವರೆಗೆ ಯೋಗ್ಯತೆಗೆ ತಕ್ಕಂತೆ ತಿಂಗಳಿಗೆ 11,000 ಅಥವಾ 13,000 ರೂಪಾಯಿ ಪಡೆಯುತ್ತಿದ್ದವರಿಗೆ ಅರ್ಹತೆಯನ್ನೂ ಸೇವೆಯ ಅವಧಿಯನ್ನೂ ನೋಡಿ 26,000ದಿಂದ 32,000 ರೂಪಾಯಿಗಳವರೆಗೆ ಗೊತ್ತುಪಡಿಸಿದರು. ಈ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಆಜ್ಞೆಯಲ್ಲಿ ವಾರದ ಬೋಧನೆಯನ್ನು ಎಂಟು ಹತ್ತು ಗಂಟೆಗಳಿಂದ 15 ಗಂಟೆಗಳವರೆಗೆ ಏರಿಸಲಾಯಿತು. ಲೆಕ್ಕವನ್ನು ವಾಚಕರೇ ಮಾಡಿ ನೋಡಲಿ. ಒಂದು ಕಾಲೇಜಿನಲ್ಲಿ ಖಾಯಂ ಅಧ್ಯಾಪಕರಿಂದ ಆಗದೆ ಉಳಿದ ಪಾಠಗಳು ವಾರಕ್ಕೆ 120 ಗಂಟೆ ಎಂದು ಇಟ್ಟುಕೊಳ್ಳೋಣ. ತಲೆಗೆ 8 ಗಂಟೆಯಾದರೆ 15 ಜನಕ್ಕೆ ಕೆಲಸ. ತಲೆಗೆ 15 ಗಂಟೆಯಾದರೆ 8 ಜನಕ್ಕೆ ಮಾತ್ರ. ಉಳಿದ ಏಳು ಜನರ ಗತಿಯೇನು? ಒಬ್ಬನ ಎಲೆಗೆ ತುಪ್ಪ ಬಡಿಸುವಾಗ ಪಕ್ಕದವನ ಎಲೆಯನ್ನೇ ಎತ್ತಿದಂತಾಯಿತು. ಇಂಥ ನಿರ್ಣಯವನ್ನು ಮಾಡುವಾಗ ಆ ಹದಿನೈದು ಜನರನ್ನೂ ಕೂಡಿಸಿ, "ನಿಮ್ಮ ಅಭಿಪ್ರಾಯವೇನು?" ಎಂದು ಮತ ತೆಗೆದುಕೊಳ್ಳುವ ಸ್ಥಾನ ವಿಶ್ವವಿದ್ಯಾನಿಲಯದಲ್ಲಿಯೂ ಇರಲಿಲ್ಲ, ಇಲಾಖೆಯಲ್ಲಿಯೂ ಇರಲಿಲ್ಲ. 2023ರ ನವೆಂಬರಿನಲ್ಲಿ ಅವರು ಸೇವೆಯನ್ನು ಖಾಯಂಗೊಳಿಸಬೇಕೆಂದು ತರಗತಿಗಳನ್ನು ಬಿಟ್ಟು ಹೊರಬಂದರು. ತುಮಕೂರಿನಿಂದ ರಾಜಧಾನಿಗೆ ಪಾದಯಾತ್ರೆ ನಡೆಯಿತು. 2024ರ ಆರಂಭದಲ್ಲಿ ಸರಕಾರದವರು ಗೌರವಧನಕ್ಕೆ 5,000ದಿಂದ 8,000 ರೂಪಾಯಿಗಳವರೆಗೆ ಸೇರಿಸಿದರು. ಹಣ ಸೇರಿತು, ಸ್ಥಾನಮಾನ ಸೇರಲಿಲ್ಲ, ಮತವಂತೂ ಸೇರಲೇ ಇಲ್ಲ.

ಈ ಮತನಿರಾಕರಣೆಯು ಮರೆವಿನಿಂದ ಆದುದಲ್ಲ. ಅನುದಾನ ಆಯೋಗವು 2019ರ ಜನವರಿಯಲ್ಲಿ ಅತಿಥಿ ಅಧ್ಯಾಪಕರ ವಿಷಯವಾಗಿ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಎಂದು ಅದರಲ್ಲಿ ದರ ಕಟ್ಟಲಾಗಿತ್ತು. ಈ ದರದಂತೆ 33 ಉಪನ್ಯಾಸಗಳಿಗೆ ತಿಂಗಳ ಮಿತಿ ಮುಟ್ಟುತ್ತದೆ. ನಮ್ಮ ರಾಜ್ಯದ 2022ರ ದರದಲ್ಲಿ ವಾರಕ್ಕೆ 15ರಂತೆ ನಾಲ್ಕು ವಾರ 60 ಗಂಟೆ ದುಡಿದವನಿಗೆ ಹೆಚ್ಚೆಂದರೆ 32,000, ಎಂದರೆ ಗಂಟೆಗೆ 533 ರೂಪಾಯಿ. ಅದು ಹಾಗಿರಲಿ. ಅದೇ ಮಾರ್ಗಸೂಚಿಯು ವಿಶ್ವವಿದ್ಯಾನಿಲಯದ ಶಾಸನಬದ್ಧ ಸಭೆಗಳ ಸದಸ್ಯತ್ವಕ್ಕೆ ಸಂಬಂಧಿಸಿದ ಮತದಾನದಲ್ಲಿ ಅತಿಥಿ ಅಧ್ಯಾಪಕರನ್ನು ಖಾಯಂ ಅಧ್ಯಾಪಕರಂತೆ ಎಣಿಸತಕ್ಕದ್ದಲ್ಲವೆಂದು ವಿಧಿಸಿತು. ಪಾಠಕ್ಕೆ ಸಮಾನ, ಮತಕ್ಕೆ ಅಸಮಾನ. ಇದು ಎಲ್ಲಿಯ ನ್ಯಾಯ? ಇದಕ್ಕೆ ಒಂದು ಸಮಾಧಾನ ಹೇಳುವುದುಂಟು: "ಇವರು ತಾತ್ಕಾಲಿಕರು, ನಾಲ್ಕು ದಿನದವರು, ಸಂಸ್ಥೆಯ ಭವಿಷ್ಯವನ್ನು ಇವರ ಕೈಗೆ ಹೇಗೆ ಕೊಡುವುದು?" ಎಂದು. ನಿಜವಾಗಿ ನಾಲ್ಕು ದಿನದವರೇ ಆಗಿದ್ದರೆ ಈ ಮಾತನ್ನು ನಾವೂ ಒಪ್ಪುತ್ತಿದ್ದೆವು. ಒಪ್ಪಂದದ ಅಧ್ಯಾಪಕರನ್ನು ಅತ್ಯವಶ್ಯವಾದಾಗ ಮಾತ್ರ ನೇಮಿಸಬೇಕು, ಅಂಥವರ ಸಂಖ್ಯೆ ಒಟ್ಟು ಹುದ್ದೆಗಳಲ್ಲಿ ನೂರಕ್ಕೆ ಹತ್ತನ್ನು ಮೀರಬಾರದು, ಅವರ ವೇತನ ಖಾಯಂ ಸಹಾಯಕ ಪ್ರಾಧ್ಯಾಪಕನ ವೇತನಕ್ಕೆ ಕಡಿಮೆಯಿರಬಾರದು ಎಂದು 2018ರ ನಿಯಮಾವಳಿಯೇ ಹೇಳಿತ್ತು. ಒಪ್ಪಂದದ ಹೆಸರನ್ನು ಬಿಟ್ಟು ಅತಿಥಿಯೆಂಬ ಹೆಸರನ್ನಿಟ್ಟೊಡನೆ ಆ ಮಿತಿಯ ಆಶಯವೆಲ್ಲ ಗಾಳಿಗೆ ಹೋಯಿತು. ಖಾಲಿ ಹುದ್ದೆಗಳನ್ನು ತುಂಬದೆ, ತಾತ್ಕಾಲಿಕರನ್ನು ವರುಷಗಟ್ಟಲೆ ದುಡಿಸಿ, ಕೊನೆಗೆ "ನೀವು ತಾತ್ಕಾಲಿಕರು, ನಿಮಗೆ ಮತವಿಲ್ಲ" ಎನ್ನುವುದು ತಾನೇ ಕಟ್ಟಿದ ಗೋಡೆಯನ್ನು ತೋರಿಸಿ ದಾರಿಯಿಲ್ಲವೆಂದ ಹಾಗೆ.

ಭಾರವನ್ನು ಹೊರುವವರೇ ಭಾರವನ್ನು ಅಳೆಯುವ ಪದ್ಧತಿ ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. 1884ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯ ಚರಿತ್ರೆಯನ್ನು ವಾಚಕರು ನೆನೆಯಬೇಕು. ಅದು ಮರುವರುಷ ತೆರೆದ ಫರ್ಗ್ಯುಸನ್ ಕಾಲೇಜನ್ನು ನಡೆಸಿದವರು ಅಲ್ಲಿಯ ಅಧ್ಯಾಪಕರೇ. ಆಜೀವ ಸದಸ್ಯರೆಂಬ ಹೆಸರಿನಿಂದ ಅವರು ಇಪ್ಪತ್ತು ವರುಷಗಳ ಸೇವೆಗೆ ಕಟ್ಟುಬಿದ್ದು, ತಿಂಗಳಿಗೆ 75 ರೂಪಾಯಿಗಳ ಸಂಬಳಕ್ಕೆ ತೃಪ್ತರಾಗಿ, ಸಂಸ್ಥೆಯ ಕಾರ್ಯಗಳನ್ನು ತಮ್ಮ ತಮ್ಮಲ್ಲಿಯೇ ಕೂಡಿ ನಿರ್ಣಯಿಸುತ್ತಿದ್ದರು. ಗೋಖಲೆಯವರು ಅಲ್ಲಿ ದುಡಿದು 1902ರಲ್ಲಿ ನಿವೃತ್ತರಾದಾಗ ಅವರಿಗೆ ದೊರೆತ ನಿವೃತ್ತಿವೇತನ ತಿಂಗಳಿಗೆ 30 ರೂಪಾಯಿ. ಆಜೀವ ಸದಸ್ಯನು ತನ್ನ ಸಮಯವನ್ನೆಲ್ಲ ಸಂಸ್ಥೆಗೇ ಮೀಸಲಿಡಬೇಕೋ, ಹೊರಗಿನ ಕಾರ್ಯಗಳಿಗೂ ಹಂಚಬಹುದೋ ಎಂಬ ವಿವಾದ ಅಲ್ಲಿ ಬಲವಾಗಿ ಎದ್ದಿತು. 1890ರಲ್ಲಿ ಲೋಕಮಾನ್ಯ ತಿಲಕರು ಸಂಸ್ಥೆಯನ್ನು ಬಿಡಲು ಅದೂ ಒಂದು ಮುಖ್ಯ ಕಾರಣ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಅಧ್ಯಾಪಕರ ಕಾರ್ಯಭಾರದ ವಿವಾದವೇ. ಆದರೆ ಅದು ನಡೆದದ್ದು ಸಮಾನರ ನಡುವೆ. ಸೋತವರೂ ಗೆದ್ದವರೂ ಮತವುಳ್ಳವರಾಗಿದ್ದರು. ವಿವಾದವು ಕಹಿಯಾಯಿತು ನಿಜ; ಸಂಸ್ಥೆ ಮಾತ್ರ ಬಾಳಿತು. ನಮ್ಮ ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಹುಟ್ಟುಹಾಕಿದವರೂ ಏಳು ಮಂದಿ ಶಿಕ್ಷಕರೇ. ಜನರು ಅವರನ್ನು ಇಂದಿಗೂ ಸಪ್ತರ್ಷಿಗಳೆಂದು ಸ್ಮರಿಸುತ್ತಾರೆ. ಸಂಸ್ಥೆಯನ್ನು ತನ್ನದೆಂದು ತಿಳಿದ ಶಿಕ್ಷಕನು ಗಂಟೆಗಳನ್ನು ಎಣಿಸಲಿಲ್ಲ. ಸಂಸ್ಥೆಯು ತನ್ನದಲ್ಲವೆಂದು ದಿನವೂ ಹೇಳಿಸಿಕೊಳ್ಳುವ ಶಿಕ್ಷಕನು ಗಂಟೆ ಎಣಿಸಿದರೆ ಆಶ್ಚರ್ಯವೇನು?

ಇದಕ್ಕೆ ವಿರುದ್ಧವಾದ ಪದ್ಧತಿಯನ್ನು ತಂದವರು ಪರದೇಶೀ ಆಳರಸರು. ಲಾರ್ಡ್ ಕರ್ಜನನ 1904ರ ವಿಶ್ವವಿದ್ಯಾನಿಲಯಗಳ ಕಾಯಿದೆಯು ಸೆನೆಟಿನ ಸದಸ್ಯರ ಸಂಖ್ಯೆಯನ್ನು ಐವತ್ತರಿಂದ ನೂರಕ್ಕೆ ಮಿತಗೊಳಿಸಿ, ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಚುನಾಯಿತರಿಗೆ ಬಿಟ್ಟುದು ಇಪ್ಪತ್ತೇ ಸ್ಥಾನಗಳನ್ನು. ಉಳಿದವರಲ್ಲಿ ಹೆಚ್ಚಿನವರು ನಾಮಕರಣದಿಂದ ಬರತಕ್ಕವರು. ವಿದ್ಯೆಯು ಅಧಿಕಾರಿಗಳ ಅಂಗೈಗೆ ಹೋಗುವುದೆಂದು ಗೋಖಲೆಯವರು ಸಾಮ್ರಾಜ್ಯದ ಶಾಸನಸಭೆಯಲ್ಲಿ ಈ ಮಸೂದೆಯನ್ನು ಶಕ್ತಿಮೀರಿ ವಿರೋಧಿಸಿದರು. ಪರರ ಆಳಿಕೆಯು 1947ರಲ್ಲಿ ಹೋಯಿತು. ನಾಮಕರಣದ ಚಟ ಹೋಯಿತೆ? ಕರ್ನಾಟಕದ 1976ರ ವಿಶ್ವವಿದ್ಯಾನಿಲಯಗಳ ಕಾಯಿದೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆಯೊಂದಿತ್ತು. 2000ದ ಕಾಯಿದೆಯು ಅದನ್ನು ಉಳಿಸಲಿಲ್ಲ. ಸಿಂಡಿಕೇಟಿಗೆ ಸರಕಾರವು ನಾಮಕರಣ ಮಾಡುವ ಸದಸ್ಯರು ಬಂದರು. ಸರಕಾರ ಬದಲಾದಾಗಲೆಲ್ಲ ಆ ಹೆಸರುಗಳೂ ಬದಲಾಗುವುದನ್ನು ನಾವೆಲ್ಲ ನೋಡುತ್ತ ಬಂದಿದ್ದೇವೆ. ಕರ್ಜನನ ಕಾಯಿದೆಯನ್ನು ಖಂಡಿಸಿ ಭಾಷಣ ಮಾಡುವ ನಾವು ಅವನ ಕ್ರಮವನ್ನೇ ಬೇರೆ ಹೆಸರಿನಲ್ಲಿ ಮುಂದುವರಿಸುವುದು ಸ್ವರಾಜ್ಯಕ್ಕೆ ಶೋಭೆಯಲ್ಲ.

ಅಧ್ಯಾಪಕರಿಗೆ ಮತ ಕೊಟ್ಟರೆ ಗುಂಪುಗಾರಿಕೆ, ಜಾತಿಯ ಕಟ್ಟು, ಮನೆಮನೆ ತಿರುಗುವ ಪ್ರಚಾರ ಮೊದಲಾಗಿ ಪಾಠಪ್ರವಚನಗಳು ಹಾಳಾಗುವುವೆಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದುಂಟೆ? ನಾಮಕರಣದಲ್ಲಿ ಜಾತಿಯಿಲ್ಲವೆ, ಗುಂಪಿಲ್ಲವೆ? ಅಲ್ಲಿ ಇರುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಚುನಾವಣೆಯಲ್ಲಿ ಇರುವುದು ಬೆಳಕಿಗೆ ಬರುತ್ತದೆ, ಇಷ್ಟೇ ಭೇದ. ಮೇಲಾಗಿ ನಮ್ಮ ಸಂವಿಧಾನವು ಶಿಕ್ಷಕನ ವಿವೇಕದಲ್ಲಿ ಎಂಥ ವಿಶ್ವಾಸವಿಟ್ಟಿದೆಯೆಂಬುದನ್ನು ನೋಡಬೇಕು. ಅದರ 171ನೆಯ ವಿಧಿಯು ವಿಧಾನಪರಿಷತ್ತಿನ ಸ್ಥಾನಗಳಲ್ಲಿ ಹನ್ನೆರಡರಲ್ಲಿ ಒಂದು ಭಾಗದಷ್ಟನ್ನು ಶಿಕ್ಷಕರ ಚುನಾವಣೆಗೆ ಬಿಟ್ಟಿದೆ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳವು. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಆ ಮತದಾರನ ಯೋಗ್ಯತೆಯು ಹಿಂದಿನ ಆರು ವರುಷಗಳಲ್ಲಿ ಒಟ್ಟು ಮೂರು ವರುಷ ಪಾಠ ಹೇಳಿರುವುದು. ಇಡೀ ರಾಜ್ಯಕ್ಕೆ ಶಾಸನ ಮಾಡುವ ಸಭೆಗೆ ಸದಸ್ಯನನ್ನು ಆರಿಸಬಲ್ಲ ಶಿಕ್ಷಕವರ್ಗವು ತನ್ನ ಕಾಲೇಜಿನ ಪಾಠದ ವೇಳೆಯ ಬಗ್ಗೆ ಮತ ಕೊಡಲು ಯೋಗ್ಯವಲ್ಲವೆಂಬುದು ನಗೆಗೀಡಾದ ವಾದವಲ್ಲವೆ? ವಿಶ್ವವಿದ್ಯಾನಿಲಯದ ಕಾಯಿದೆಗೆ ಒಪ್ಪಿಗೆ ಕೊಡುವ ಶಾಸಕನನ್ನು ಅದು ಆರಿಸಬಹುದಂತೆ. ಆ ಕಾಯಿದೆಯಂತೆ ನಡೆಯುವ ಸಿಂಡಿಕೇಟಿಗೆ ಪ್ರತಿನಿಧಿಯನ್ನು ಆರಿಸಬಾರದಂತೆ!

ಅನ್ಯ ದೇಶಗಳಲ್ಲಿ ಏನು ನಡೆದಿದೆಯೆಂದು ಕೇಳುವವರಿಗೆ ಎರಡು ನಿದರ್ಶನಗಳು ಸಾಕು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕಾಂಗ್ರಿಗೇಶನ್ ಎಂಬ ವಿದ್ವಾಂಸರ ಸಭೆಯೇ ಪರಮಾಧಿಕಾರವುಳ್ಳದ್ದು. ಆಡಳಿತವನ್ನು ಹೊರಗಿನವರ ಬಹುಮತಕ್ಕೆ ಒಪ್ಪಿಸುವ ಸೂಚನೆಯನ್ನು ಉಪಕುಲಪತಿಗಳೇ ತಂದರೂ 2006ರಲ್ಲಿ ಅಧ್ಯಾಪಕರು ಮತ ಹಾಕಿ ಅದನ್ನು ತಳ್ಳಿಹಾಕಿದರು. ಅದರಿಂದ ಆಕ್ಸ್‌ಫರ್ಡಿನ ವಿದ್ಯೆಯೇನೂ ಕುಂದಲಿಲ್ಲ. ಜರ್ಮನಿಯಲ್ಲಿ ಪ್ರಾಧ್ಯಾಪಕರು, ಇತರ ಅಧ್ಯಾಪಕರು, ವಿದ್ಯಾರ್ಥಿಗಳು ಎಲ್ಲರಿಗೂ ಸಭೆಗಳಲ್ಲಿ ಸ್ಥಾನ ದೊರೆತಾಗ ವಿವಾದವೆದ್ದು, 1973ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಒಂದು ಮಧ್ಯಮ ಮಾರ್ಗವನ್ನು ತೋರಿಸಿತು: ಎಲ್ಲ ವರ್ಗಗಳಿಗೂ ಪ್ರಾತಿನಿಧ್ಯ ಇರಬಹುದು; ಸಂಶೋಧನೆ, ಪ್ರಾಧ್ಯಾಪಕರ ನೇಮಕ ಮುಂತಾದ ವಿಷಯಗಳಲ್ಲಿ ಮಾತ್ರ ಪ್ರಾಧ್ಯಾಪಕರ ಮತಕ್ಕೆ ನಿರ್ಣಾಯಕ ತೂಕವಿರಬೇಕು. ಎಲ್ಲರಿಗೂ ಎಲ್ಲದರಲ್ಲಿಯೂ ಸಮಾನ ಮತ ಬೇಕೆಂಬ ಹಟ ನಮ್ಮದೂ ಅಲ್ಲ. ಯಾರ ಹೆಗಲ ಮೇಲಿನ ನೊಗದ ಮಾತು ನಡೆಯುತ್ತಿದೆಯೋ ಅವರಿಗೆ ಆ ಮಾತಿನಲ್ಲಿ ಮತವಿರಲಿ ಎಂಬುದಿಷ್ಟೇ.

ಆದಕಾರಣ ಸರಕಾರದವರೂ ವಿಶ್ವವಿದ್ಯಾನಿಲಯಗಳ ಅಧಿಕಾರಿಗಳೂ ನಾಲ್ಕು ಕಾರ್ಯಗಳನ್ನು ಕೈಗೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದು, ಸಿಂಡಿಕೇಟಿನಲ್ಲಿಯೂ ವಿದ್ಯಾವಿಷಯಕ ಪರಿಷತ್ತಿನಲ್ಲಿಯೂ ಅಧ್ಯಾಪಕರು ಗುಪ್ತಮತದಿಂದ ಆರಿಸಿದ ಪ್ರತಿನಿಧಿಗಳಿಗೆ ಸ್ಥಾನ ಕೊಡುವುದು. ಎರಡನೆಯದು, ಶಿಕ್ಷಕರ ಕ್ಷೇತ್ರಕ್ಕೆ ಶಾಸನವು ಇಟ್ಟ ಅಳತೆಯನ್ನೇ ಇಲ್ಲಿಗೂ ತಂದು, ಆರು ವರುಷಗಳಲ್ಲಿ ಒಟ್ಟು ಮೂರು ವರುಷ ಪಾಠ ಹೇಳಿದವನು ಖಾಯಮಾಗಲಿ ಅತಿಥಿಯಾಗಲಿ ಮತದಾರನೆಂದು ಎಣಿಸುವುದು. ಅತಿಥಿ ಅಧ್ಯಾಪಕರ ಮತವನ್ನು ತಡೆಯುವ ಮಾತನ್ನು ಆಯೋಗದವರು ತೆಗೆದುಹಾಕುವುದು. ಮೂರನೆಯದು, ಬೋಧನೆಯ ಗಂಟೆಗಳನ್ನು ಏರಿಸುವ ಯಾವ ಆಜ್ಞೆಯೂ ಅಂಥ ಚುನಾಯಿತ ಪ್ರತಿನಿಧಿಗಳ ಮುಂದೆ ಚರ್ಚೆಗೆ ಬಾರದೆ ಜಾರಿಗೆ ಬಾರದಂತೆ ಮಾಡುವುದು, ಹಾಗೂ ಪಾಠದ ಸಿದ್ಧತೆಯನ್ನೂ ಮೌಲ್ಯಮಾಪನವನ್ನೂ ಗಂಟೆಗಳ ಲೆಕ್ಕಕ್ಕೆ ಸೇರಿಸುವುದು. ನಾಲ್ಕನೆಯದು, ಪ್ರತಿಯೊಂದು ಕಾಲೇಜೂ ತನ್ನಲ್ಲಿ ಖಾಯಂ ಹುದ್ದೆಗಳೆಷ್ಟು, ತುಂಬಿದವೆಷ್ಟು, ಅತಿಥಿಗಳೆಷ್ಟು ಎಂಬ ಪಟ್ಟಿಯನ್ನು ವರುಷಕ್ಕೊಮ್ಮೆ ಸಾರ್ವಜನಿಕರ ಮುಂದಿಡುವುದು. ಈ ನಾಲ್ಕರಲ್ಲಿ ಮೊದಲ ಮೂರಕ್ಕೆ ಬೊಕ್ಕಸದಿಂದ ದೊಡ್ಡ ಹಣ ಬೇಕಿಲ್ಲ, ಮನಸ್ಸು ಬೇಕು. ನಾಲ್ಕನೆಯದಕ್ಕೆ ಕಾಗದವೂ ಪ್ರಾಮಾಣಿಕತೆಯೂ ಸಾಕು.

ಅಧ್ಯಾಪಕ ಬಂಧುಗಳಿಗೂ ಒಂದು ಮಾತು. ಮತವು ಹಕ್ಕು ಹೇಗೋ ಹಾಗೆ ಹೊಣೆಯೂ ಹೌದು. ಗೊತ್ತಾದ ಗಂಟೆಗೆ ತರಗತಿಗೆ ಹೋಗದವನು, ಹೊಸ ಪುಸ್ತಕವನ್ನು ತೆರೆಯದವನು, ತನ್ನ ಪಾಲಿನ ಪಾಠವನ್ನು ಬಡ ಅತಿಥಿಯ ಮೇಲೆ ಹೇರಿ ತಾನು ವಿರಮಿಸುವವನು ಮತಪೆಟ್ಟಿಗೆಯ ಮುಂದೆ ನಿಂತರೆ ಜನರು ಗೌರವಿಸಲಾರರು. ಇನ್ನೂ ಒಂದು. ಅತಿಥಿಗಳಿಗೆ ಮತ ಬಂದರೆ ತಮ್ಮ ಮತದ ಬೆಲೆ ಇಳಿಯುವುದೆಂದು ಖಾಯಂ ಅಧ್ಯಾಪಕರು ಅಂಜಬೇಕಾದುದಿಲ್ಲ. ಅಗ್ಗದ ದರಕ್ಕೆ, ಬಾಯಿಲ್ಲದೆ ದುಡಿಯುವವರು ಸಿಕ್ಕುವವರೆಗೆ ಖಾಯಂ ಹುದ್ದೆಗಳನ್ನು ತುಂಬುವ ಅವಸರ ಯಾರಿಗೂ ಇರುವುದಿಲ್ಲ. ಅವರಿಗೆ ಬಾಯಿ ಬಂದ ದಿನವೇ ಇವರ ಸ್ಥಾನವೂ ಭದ್ರವಾದೀತು.

ಇನ್ನು ಅಧಿಕಾರದಲ್ಲಿರುವವರಿಗೆ ನಾವು ಹೇಳಬೇಕಾದುದು ಸ್ವಲ್ಪವೇ ಉಳಿದಿದೆ. 1916ರಲ್ಲಿ ಮೈಸೂರಿನಲ್ಲಿ ನಮ್ಮ ನಾಡಿನ ಮೊದಲ ವಿಶ್ವವಿದ್ಯಾನಿಲಯವು ಹುಟ್ಟಿದಾಗಲಾಗಲಿ, 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾನಿಲಯವು ಮರುವರುಷ ಧಾರವಾಡಕ್ಕೆ ಬಂದು ನೆಲೆಸಿದಾಗಲಾಗಲಿ, ಜನರು ಬಯಸಿದ್ದು ಪದವಿಪತ್ರ ಹಂಚುವ ಕಚೇರಿಯನ್ನಲ್ಲ. ಸ್ವತಂತ್ರವಾಗಿ ಯೋಚಿಸುವ ಮಕ್ಕಳನ್ನು ಬೆಳೆಸುವ ವಿದ್ಯಾಲಯವನ್ನು. ಮುಂದಿನ ಅವಧಿಯ ಕರೆಗಾಗಿ ಬಾಯಿ ಮುಚ್ಚಿಕೊಂಡು ಕಾಯಬೇಕಾದ ಗುರುವಿನಿಂದ ಬಾಯಿ ಬಿಟ್ಟು ಮಾತನಾಡುವ ಶಿಷ್ಯನು ಹೇಗೆ ತಯಾರಾದಾನು? ಅತಿಥಿಗಳ ಗಂಟೆಗಳನ್ನು ಸರಕಾರದವರು ಎಣಿಸಬಲ್ಲರು, ಅವುಗಳಿಗೆ ದರವನ್ನೂ ಕಟ್ಟಬಲ್ಲರು. ಅದೇ ಹಾಜರಿಪುಸ್ತಕದಿಂದ ಅವರ ಮತದಾರರ ಪಟ್ಟಿಯನ್ನೂ ತಯಾರಿಸಬಹುದು. ಬರುವ ಅಧಿವೇಶನದಲ್ಲಿಯೇ ವಿಶ್ವವಿದ್ಯಾನಿಲಯಗಳ ಕಾಯಿದೆಗೆ ಈ ತಿದ್ದುಪಡಿಯನ್ನು ತರಲೆಂದು ನಾವು ಆಗ್ರಹಪಡಿಸುತ್ತೇವೆ.